ವಯಸ್ಸು ಕೇಳದೆ ಓದಬಾರದ ಅಂಕಿ

ಮಕ್ಕಳ ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ಹೆಪಟೋಬ್ಲಾಸ್ಟೋಮ. ದೊಡ್ಡವರಿಗೆ ಬರುವ ಲಿವರ್ ಕ್ಯಾನ್ಸರಿಗೂ ಇದಕ್ಕೂ ನಂಟು ಕಡಿಮೆ. ಸಿರೋಸಿಸ್ಸಾಗಲಿ, ಹಳೆಯ ಕಾಮಾಲೆಯಾಗಲಿ ಸಾಮಾನ್ಯವಾಗಿ ಇದರ ಹಿಂದೆ ಇರುವುದಿಲ್ಲ. ಗರ್ಭದಲ್ಲಿ ಯಕೃತ್ತು ರೂಪುಗೊಳ್ಳುವ ಹೊತ್ತಿನ ಎಳೆಯ ಕೋಶಗಳನ್ನು ಹೋಲುವ ಕೋಶಗಳು ಬಲಿಯದೆ ಉಳಿದು, ಎಲ್ಲೆ ಮೀರಿ ಬೆಳೆದು ಗಡ್ಡೆಯಾಗುತ್ತವೆ. ಬಹುಪಾಲು ರೋಗಿಗಳು 3 ವರ್ಷದೊಳಗಿನ ಕೂಸುಗಳು; 5 ದಾಟಿದ ಮೇಲೆ ಇದು ವಿರಳ. ಹತ್ತು ಲಕ್ಷ ಮಕ್ಕಳಿಗೆ ವರ್ಷಕ್ಕೆ ಒಂದೋ ಎರಡೋ ಎನ್ನುವಷ್ಟು ಅಪರೂಪದ ರೋಗ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳನ್ನು ಕೂಡಿಸಿದರೆ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅದರಲ್ಲಿ ಮಕ್ಕಳು ಮೂರು ಲಕ್ಷದಷ್ಟು ಎಂದು ಹಿಡಿದರೆ, ಎರಡು ಮೂರು ವರ್ಷಕ್ಕೆ ಒಂದು ಮಗು ಎಂಬ ಲೆಕ್ಕ ಬರುತ್ತದೆ. ಇದು ಬರೀ ಅಂದಾಜು, ಎಣಿಸಿದ್ದಲ್ಲ. ಆದರೂ ಈ ಭಾಗದ ಒಬ್ಬ ಮಕ್ಕಳ ಡಾಕ್ಟರು ತಮ್ಮ ಇಡೀ ವೃತ್ತಿಯಲ್ಲಿ ಇಂಥ ಒಂದೆರಡು ಕೂಸುಗಳನ್ನು ಕಂಡಿದ್ದರೆ ಅದೇ ಹೆಚ್ಚು ಎಂಬುದಂತೂ ಇದರಿಂದ ತಿಳಿಯುತ್ತದೆ. ಹೀಗಾಗಿ ರೋಗದ ಸುಳಿವು ಕೊಡುವ ಒಂದು ರಕ್ತಪರೀಕ್ಷೆಯ ಕಾಗದ ಕೈಗೆ ಬಂದಾಗ, ಅದನ್ನು ಹೇಗೆ ಓದಬೇಕೆಂದು ಮನೆಯವರಿಗೆ ತಿಳಿಸಿ ಹೇಳುವವರು ಹತ್ತಿರದಲ್ಲಿ ಸಿಗುವುದಿಲ್ಲ.

ರೋಗ ಗೊತ್ತಾಗುವ ಬಗೆ ಬಹಳ ಸಪ್ಪೆಯಾದದ್ದು. ಸ್ನಾನ ಮಾಡಿಸುವಾಗಲೋ ಅಂಗಿ ತೊಡಿಸುವಾಗಲೋ ಹೊಟ್ಟೆಯ ಬಲಭಾಗ ಗಟ್ಟಿಯಾಗಿ ಕೈಗೆ ಹತ್ತುತ್ತದೆ. ಮಗು ಆಡುತ್ತಿರುತ್ತದೆ, ನಗುತ್ತಿರುತ್ತದೆ. ಕೆಲವೊಮ್ಮೆ ಊಟ ಕಡಿಮೆಯಾಗಿರುತ್ತದೆ, ತೂಕ ಏರುವುದು ನಿಂತಿರುತ್ತದೆ. ಕಣ್ಣು ಹಳದಿಯಾಗುವುದು ಅಪರೂಪ. ಕಾಮಾಲೆ ಇಲ್ಲ ಅಂದಮೇಲೆ ಲಿವರಿನದೇನೂ ಇಲ್ಲ ಎಂಬ ತೀರ್ಮಾನ ದಾರಿ ತಪ್ಪಿಸುವುದು ಇಲ್ಲಿಯೇ. ಜಂತುಹುಳದ ಔಷಧಿ, ಗ್ಯಾಸಿನ ಔಷಧಿ, ದೃಷ್ಟಿ ತೆಗೆಯುವುದು, ಇವುಗಳಲ್ಲಿ ವಾರಗಳು ಕಳೆದುಹೋಗುತ್ತವೆ. ಗಟ್ಟಿ ಹೊಟ್ಟೆಗೆ ಮೊದಲು ಬೇಕಾದದ್ದು ಸೋನೋಗ್ರಫಿ. ಅದಕ್ಕೆ ಗೋಕಾಕ, ಸಂಕೇಶ್ವರಗಳಂಥ ಊರು ದಾಟಿ ಹೋಗಬೇಕಾದ ಅಗತ್ಯ ಇಂದು ಬಹುಮಟ್ಟಿಗೆ ಇಲ್ಲ. ಅದರಲ್ಲಿ ಲಿವರಿನ ಗಡ್ಡೆ ಕಂಡರೆ ಮುಂದಿನ ಚೀಟಿಯಲ್ಲಿ ಬರೆಯುವ ಹೆಸರು ಆಲ್ಫಾ ಫೀಟೋಪ್ರೋಟೀನ್, ಚಿಕ್ಕದಾಗಿ ಎಎಫ್‌ಪಿ.

ಎಎಫ್‌ಪಿ ವಿಷವಲ್ಲ, ಕ್ಯಾನ್ಸರಿಗಷ್ಟೇ ಮೀಸಲಾದ ವಸ್ತುವೂ ಅಲ್ಲ. ಭ್ರೂಣದ ಪೀತಕ ಚೀಲ (ಯೋಕ್ ಸ್ಯಾಕ್) ಮತ್ತು ಯಕೃತ್ತು ತಯಾರಿಸುವ ಸಹಜ ಪ್ರೋಟೀನು ಅದು. ದೊಡ್ಡವರ ರಕ್ತದಲ್ಲಿ ಆಲ್ಬುಮಿನ್ ಮಾಡುವ ಕೆಲಸವನ್ನು ಗರ್ಭದಲ್ಲಿ ಅದರ ಈ ಸೋದರ ಪ್ರೋಟೀನು ಬಹಳಷ್ಟು ಮಟ್ಟಿಗೆ ಮಾಡುತ್ತದೆ. ಗರ್ಭದ 12ರಿಂದ 14ನೇ ವಾರದ ಹೊತ್ತಿಗೆ ಅದರ ಪ್ರಮಾಣ ಶಿಖರ ಮುಟ್ಟಿ, ಅಲ್ಲಿಂದ ಇಳಿಯತೊಡಗುತ್ತದೆ. ಭ್ರೂಣದ ರಕ್ತದಲ್ಲಿ ಇಂಥದೊಂದು ಪ್ರೋಟೀನು ಇದೆಯೆಂದು 1956ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ ಮತ್ತು ಜಾರ್ ಗುರುತಿಸಿದ್ದರು. 1963ರಲ್ಲಿ ಸೋವಿಯತ್ ವಿಜ್ಞಾನಿ ಗಾರಿ ಅಬೆಲೆವ್, ಲಿವರ್ ಗಡ್ಡೆ ಇರುವ ಇಲಿಗಳ ರಕ್ತದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಮರುವರ್ಷವೇ ಯೂರಿ ತತಾರಿನೊವ್ ಲಿವರ್ ಕ್ಯಾನ್ಸರ್ ಇದ್ದ ಮನುಷ್ಯನ ರಕ್ತದಲ್ಲೂ ಅದನ್ನು ಕಂಡರು. ಬಲಿತ ಯಕೃತ್ತು ನಿಲ್ಲಿಸಿದ ಕೆಲಸವನ್ನು ಗಡ್ಡೆ ಮತ್ತೆ ಶುರುಮಾಡುತ್ತದೆ ಎಂಬುದೇ ಅದರ ಸಾರ. ಹೆಪಟೋಬ್ಲಾಸ್ಟೋಮ ಇರುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳ ಎಎಫ್‌ಪಿ ಏರಿರುತ್ತದೆ. ಮಿಲಿಲೀಟರಿಗೆ ಲಕ್ಷಾಂತರ ನ್ಯಾನೋಗ್ರಾಂ ಮುಟ್ಟುವುದೂ ಸಾಮಾನ್ಯ.

ತೊಡಕು ಬರುವುದು ರಿಪೋರ್ಟಿನ ಬಲಬದಿಯಲ್ಲಿ. ಲ್ಯಾಬಿನ ಕಾಗದದಲ್ಲಿ ಸಹಜ ಮಟ್ಟ ಎಂದು ಅಚ್ಚಾಗಿರುವುದು ಬಹಳ ಸಲ ದೊಡ್ಡವರದು: 10ರೊಳಗೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿನ ಎಎಫ್‌ಪಿಯೇ ಸರಾಸರಿ 50,000ದ ಹತ್ತಿರ ಇರುತ್ತದೆ. ಕೆಲವರಲ್ಲಿ ಅದು ಲಕ್ಷವನ್ನೂ ಮುಟ್ಟಬಹುದು. ಒಂದು ತಿಂಗಳಿಗೆ ಅದು ಎರಡು ಮೂರು ಸಾವಿರಕ್ಕೆ, ಎರಡು ತಿಂಗಳಿಗೆ ಮುನ್ನೂರರ ಸುಮಾರಿಗೆ, ಆರು ತಿಂಗಳಿಗೆ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ. ದೊಡ್ಡವರ ಮಟ್ಟ ಮುಟ್ಟಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಇವೆಲ್ಲ ಸರಾಸರಿಗಳು; ಮಗುವಿನಿಂದ ಮಗುವಿಗೆ ಅಂತರ ದೊಡ್ಡದು, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಅಂಕಿ ಇನ್ನೂ ಮೇಲಿರುತ್ತದೆ. ಹೋಲಿಕೆಗೆ ಹಿಡಕಲ್ ಜಲಾಶಯವನ್ನೇ ನೋಡಿ: ಅದರ ಪೂರ್ಣಮಟ್ಟ 2,175 ಅಡಿ ಎಂಬುದು ಘಟಪ್ರಭೆಯ ದಂಡೆಯವರಿಗೆ ಬಾಯಿಪಾಠ. ಪೇಪರಿನಲ್ಲಿ ನೀರಿನ ಮಟ್ಟ ಓದಿದವರು ತಿಂಗಳು ಯಾವುದೆಂದು ನೋಡದೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೇ ಕೊನೆಯ ಮಟ್ಟಕ್ಕೂ ಸೆಪ್ಟೆಂಬರಿನ ಮಟ್ಟಕ್ಕೂ ಅರ್ಥ ಬೇರೆ. ಎಎಫ್‌ಪಿಗೂ ಹಾಗೆಯೇ ಮಗುವಿನ ವಯಸ್ಸನ್ನು ತಿಂಗಳಲ್ಲಿ, ಎಳೆಗೂಸಾದರೆ ವಾರದಲ್ಲಿ, ಪಕ್ಕಕ್ಕಿಟ್ಟು ನೋಡಬೇಕು. ಎರಡು ತಿಂಗಳ ಕೂಸಿನಲ್ಲಿ 400 ಬಂದರೆ ಅದೊಂದರಿಂದ ಏನೂ ತಿಳಿಯದು. ಎರಡು ವರ್ಷದ ಮಗುವಿನಲ್ಲಿ ಅದೇ 400 ಬಂದರೆ ಸುಮ್ಮನೆ ಬಿಡುವಂತಿಲ್ಲ.

ಆರು ತಿಂಗಳೊಳಗಿನ ಕೂಸುಗಳಲ್ಲಿ ಇನ್ನೊಂದು ಗೋಜಲು ಸೇರಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಲಿವರಿನಲ್ಲಿ ರಕ್ತನಾಳಗಳ ನಿರಪಾಯಕಾರಿ ಗಡ್ಡೆಯೂ ಬರುತ್ತದೆ, ಅದರಲ್ಲೂ ಎಎಫ್‌ಪಿ ಒಂದಿಷ್ಟು ಹೆಚ್ಚಿರಬಹುದು. ಟೈರೋಸಿನೀಮಿಯಾ ಎಂಬ ಹುಟ್ಟಿನ ದೋಷದಲ್ಲಿ, ನವಜಾತ ಶಿಶುವಿನ ಲಿವರ್ ಉರಿಯೂತದಲ್ಲಿ, ಜನನಕೋಶಗಳಿಂದ ಹುಟ್ಟುವ ಕೆಲವು ಗಡ್ಡೆಗಳಲ್ಲಿ ಕೂಡ ಅದು ಏರುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಗಡ್ಡೆ, ರಕ್ತದಲ್ಲಿ ಎಎಫ್‌ಪಿ ಎರಡೂ ಇದ್ದರೂ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಈಗಿನ ಪದ್ಧತಿ. ಸೂಜಿ ತಾಗಿದರೆ ಕ್ಯಾನ್ಸರು ಹಬ್ಬುತ್ತದೆ ಎಂಬ ಹೆದರಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಅನುಭವವುಳ್ಳ ಕೇಂದ್ರದಲ್ಲಿ ಮಾಡಿಸಿದಾಗ ಆ ಅಪಾಯ ಬಹಳ ಸಣ್ಣದು. ತಪ್ಪು ರೋಗಕ್ಕೆ ಕೀಮೋ ಕೊಡುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಎಎಫ್‌ಪಿ ಹೆಚ್ಚಾದಷ್ಟೂ ಕೇಡು ಎಂದು ಯಾರಿಗಾದರೂ ಅನಿಸುವುದು ಸಹಜ. ಈ ರೋಗದಲ್ಲಿ ಅದು ಹೆಚ್ಚುಕಡಿಮೆ ತಿರುಗುಮುರುಗು. ಲಿವರಿನಲ್ಲಿ ದೊಡ್ಡ ಗಡ್ಡೆಯಿದ್ದೂ ಎಎಫ್‌ಪಿ 100ಕ್ಕಿಂತ ಕೆಳಗಿದ್ದರೆ ತಜ್ಞರ ಹುಬ್ಬು ಗಂಟಿಕ್ಕುತ್ತದೆ. ಎಎಫ್‌ಪಿ ತಯಾರಿಸುವುದೆಂದರೆ ಗಡ್ಡೆಯ ಕೋಶಗಳು ಇನ್ನೂ ಎಳೆಯ ಲಿವರಿನ ಗುಣ ಉಳಿಸಿಕೊಂಡಿವೆ ಎಂದರ್ಥ. ಅಂಥ ಕೋಶಗಳು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಕ್ಕೆ ಸಾಮಾನ್ಯವಾಗಿ ಬಗ್ಗುತ್ತವೆ. ಆ ಗುಣವನ್ನೂ ಕಳೆದುಕೊಂಡ ಕೋಶಗಳು ಎಎಫ್‌ಪಿ ತಯಾರಿಸವು, ಔಷಧಕ್ಕೂ ಸುಲಭವಾಗಿ ಮಣಿಯವು. ಯುರೋಪ್, ಅಮೆರಿಕ, ಜರ್ಮನಿ, ಜಪಾನ್ ತಂಡಗಳ 1,605 ಮಕ್ಕಳ ದಾಖಲೆಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ಅಪಾಯದ ಮೇರೆಗೆ ಗುಂಪು ಮಾಡಲು ಇಂದು ಬಳಸುವ ಚೌಕಟ್ಟು ಹುಟ್ಟಿದ್ದು ಅದರಿಂದ. ಅದರಲ್ಲೂ ಎಎಫ್‌ಪಿ 100 ಮತ್ತು ಅದಕ್ಕಿಂತ ಕಡಿಮೆ ಎಂಬುದು ಕೆಟ್ಟ ಲಕ್ಷಣಗಳ ಸಾಲಿನಲ್ಲಿದೆ. 101ರಿಂದ 1,000ದವರೆಗಿನದು ಎಚ್ಚರದ ಮಟ್ಟ. ಹತ್ತು ಲಕ್ಷ ಮೀರಿದ ಅಂಕಿಯೂ ಒಳ್ಳೆಯದೇನಲ್ಲ. ಗಡ್ಡೆಯ ಗಾತ್ರವನ್ನು, ಹರಡುವಿಕೆಯನ್ನು ಅದು ಸೂಚಿಸಬಹುದು. ಆದರೆ ಅಂಕಿಯಲ್ಲಿ ಸೊನ್ನೆಗಳ ಸಾಲು ಕಂಡ ಮಾತ್ರಕ್ಕೆ ಕೈಚೆಲ್ಲುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಕಡಿಮೆ ಅಂಕಿ ಬಂದಾಗ ನಿಜವಾಗಿಯೂ ಕಡಿಮೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಎಎಫ್‌ಪಿ ಅಳೆಯುವ ಯಂತ್ರ ಎರಡು ಪ್ರತಿಕಾಯಗಳ ನಡುವೆ ಪ್ರೋಟೀನನ್ನು ಹಿಡಿದು ಎಣಿಸುತ್ತದೆ. ಪ್ರೋಟೀನು ವಿಪರೀತ ಹೆಚ್ಚಿದ್ದರೆ ಎರಡೂ ಪ್ರತಿಕಾಯಗಳು ಬೇರೆಬೇರೆ ಅಣುಗಳನ್ನು ಹಿಡಿದು ಕೂತುಬಿಡುತ್ತವೆ, ಜೋಡಿಯಾಗುವುದಿಲ್ಲ. ಆಗ ಲಕ್ಷಗಳಲ್ಲಿರಬೇಕಾದ ಫಲಿತಾಂಶ ನೂರುಗಳಲ್ಲಿ ಬರುವುದುಂಟು. ಪ್ರಯೋಗಾಲಯದವರು ಇದನ್ನು ಹುಕ್ ಪರಿಣಾಮ ಎನ್ನುತ್ತಾರೆ. ಮದ್ದು ಸರಳ: ರಕ್ತದ ಸೀರಮ್ಮನ್ನು ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ ಮತ್ತೆ ಅಳೆಯುವುದು. ಅದಕ್ಕೆ ಲ್ಯಾಬಿನವರಿಗೆ ಕಾರಣ ಗೊತ್ತಿರಬೇಕು. ಚೀಟಿಯಲ್ಲಿ ಬರೀ ಎಎಫ್‌ಪಿ ಎಂದು ಬರೆಯುವ ಬದಲು, ಎರಡು ವರ್ಷದ ಮಗು, ಲಿವರಿನಲ್ಲಿ ಗಡ್ಡೆ ಎಂದು ಒಂದು ಸಾಲು ಸೇರಿಸಿದರೆ ಈ ತಪ್ಪು ತಪ್ಪುತ್ತದೆ.

ಅಂಕಿ ನಿಜವಾಗಿಯೂ ಕಡಿಮೆಯೇ ಎಂದಾದರೆ ಮಾತು ರಕ್ತದಿಂದ ಬಯಾಪ್ಸಿಯ ಚೂರಿಗೆ ಹೋಗುತ್ತದೆ. ಅಲ್ಲಿ ನೋಡುವುದೂ ಪ್ರೋಟೀನುಗಳನ್ನೇ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ. ಇವುಗಳಲ್ಲಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲದ್ದು ಐಎನ್‌ಐ-1. ದೇಹದ ಎಲ್ಲ ಸಹಜ ಕೋಶಗಳ ಕೇಂದ್ರದಲ್ಲೂ ಇರುವ ಈ ಪ್ರೋಟೀನು ಗಡ್ಡೆಯ ಕೋಶಗಳಲ್ಲಿ ಮಾತ್ರ ಕಾಣೆಯಾಗಿದ್ದರೆ ಅದು ಹೆಪಟೋಬ್ಲಾಸ್ಟೋಮವಲ್ಲ, ರಾಬ್ಡಾಯ್ಡ್ ಎಂಬ ಬೇರೆಯೇ ಉಗ್ರ ಗಡ್ಡೆ. ಸಣ್ಣ ಕೋಶಗಳ ಹೆಪಟೋಬ್ಲಾಸ್ಟೋಮ ಬಹಳ ಕೆಟ್ಟದ್ದು ಎಂದು ಹಿಂದೆಲ್ಲ ಬರೆದಿದ್ದವರ ರೋಗಿಗಳಲ್ಲಿ ಕೆಲವರಿಗೆ ಇದ್ದದ್ದು ಈ ರಾಬ್ಡಾಯ್ಡ್ ಎಂದು ಈಗ ತಿಳಿದಿದೆ. ಅದಕ್ಕೆ ಔಷಧಗಳ ಜೋಡಣೆಯೇ ಬೇರೆ. ಮಗುವಿನ ಎಎಫ್‌ಪಿ ಕಡಿಮೆ ಇದ್ದಾಗ ಐಎನ್‌ಐ-1 ನೋಡಿದ್ದಾರೆಯೇ ಎಂದು ಕೇಳುವುದು ಮನೆಯವರ ಹಕ್ಕು. ಡಾಕ್ಟರಿಗೆ ಅದರಿಂದ ಅವಮಾನವಾಗುವಂಥದೇನಿಲ್ಲ.

ಬೀಟಾ-ಕೆಟೆನಿನ್ ಎಂಬ ಇನ್ನೊಂದು ಹೆಸರು ರಿಪೋರ್ಟುಗಳಲ್ಲಿ ತಪ್ಪದೆ ಸಿಗುತ್ತದೆ. ಸಹಜವಾಗಿ ಕೋಶದ ಅಂಚಿನಲ್ಲಿರುವ ಈ ಪ್ರೋಟೀನು ಹೆಚ್ಚಾದಾಗ ಎಪಿಸಿ ಎಂಬ ಪ್ರೋಟೀನಿನ ಕೂಟ ಅದನ್ನು ಒಡೆದುಹಾಕುತ್ತದೆ. ಹೆಪಟೋಬ್ಲಾಸ್ಟೋಮದ ಬಹುಪಾಲು ಗಡ್ಡೆಗಳಲ್ಲಿ ಬೀಟಾ-ಕೆಟೆನಿನ್ನಿನ ಜೀನೇ ಬದಲಾಗಿರುತ್ತದೆ. ಒಡೆಯುವವರ ಕೈಗೆ ಸಿಗದೆ ಅದು ಕೋಶದ ಕೇಂದ್ರಕ್ಕೆ ನುಗ್ಗಿ, ಬೆಳೆ ಬೆಳೆ ಎಂದು ಆಜ್ಞೆ ಕೊಡುತ್ತ ಕೂರುತ್ತದೆ. ಕೇಂದ್ರದಲ್ಲಿ ಅದರ ಬಣ್ಣ ಕಂಡರೆ ರೋಗ ಯಾವುದೆಂದು ನಿರ್ಧರಿಸಲು ಬಲ ಬರುತ್ತದೆ. ಮಗು ಉಳಿಯುತ್ತದೆಯೇ ಎಂದು ಅದೊಂದರಿಂದ ಹೇಳಬಹುದೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಗ್ಲಿಪಿಕನ್-3 ಎಂಬ ಪ್ರೋಟೀನಿನ ಕತೆಯೂ ಇದೇ: ರೋಗ ಗುರುತಿಸಲು ಒಳ್ಳೆಯದು, ಹೊಸ ಚಿಕಿತ್ಸೆಗಳಿಗೆ ಗುರಿಯಾಗಬಲ್ಲದೆಂದು ಸಂಶೋಧನೆ ನಡೆದಿದೆ, ಮುಂಗಾಣ್ಕೆಗೆ ಸದ್ಯಕ್ಕೆ ದುರ್ಬಲ. ಎಪಿಸಿಯಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಕರುಳಿನಲ್ಲಿ ನೂರಾರು ಪಾಲಿಪ್ ಏಳುವ ವಂಶಪಾರಂಪರ್ಯದ ರೋಗ ಬರುವುದು ಎಪಿಸಿ ಜೀನು ಕೆಟ್ಟಾಗ. ಅಂಥ ಮನೆತನದ ಮಕ್ಕಳಿಗೆ ಹೆಪಟೋಬ್ಲಾಸ್ಟೋಮ ಬರುವ ಸಂಭವ ಉಳಿದವರಿಗಿಂತ ನೂರಾರು ಪಟ್ಟು ಹೆಚ್ಚು. ಅಪ್ಪನ ಕಡೆಯೋ ಅವ್ವನ ಕಡೆಯೋ ಚಿಕ್ಕ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡವರಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೂ, ಬೆಕ್‌ವಿತ್-ವೀಡಮನ್ ಎಂಬ ಅತಿಬೆಳವಣಿಗೆಯ ದೋಷವಿರುವ ಮಕ್ಕಳಿಗೂ ಸಂಭವ ಹೆಚ್ಚು. ಎರಡನೆಯವರಿಗೆ ಎಳೆಯ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಎಎಫ್‌ಪಿ ಮತ್ತು ಸೋನೋಗ್ರಫಿ ಮಾಡಿಸುವ ರೂಢಿಯಿದೆ.

ಮೊದಲ ದಿನದ ಅಂಕಿಗಿಂತ ಚಿಕಿತ್ಸೆ ಶುರುವಾದ ಮೇಲೆ ಅದು ಇಳಿಯುವ ವೇಗವೇ ಹೆಚ್ಚು ಹೇಳುತ್ತದೆ. ಎಎಫ್‌ಪಿ ತಯಾರಾಗುವುದು ನಿಂತರೆ ರಕ್ತದಲ್ಲಿರುವುದು ಐದಾರು ದಿನಕ್ಕೊಮ್ಮೆ ಅರ್ಧವಾಗುತ್ತದೆ. 4,00,000 ಇದ್ದ ಮಗುವಿನ ಗಡ್ಡೆಯನ್ನು ಪೂರ್ತಿ ತೆಗೆದರೆಂದು ಲೆಕ್ಕಕ್ಕೆ ಹಿಡಿದರೆ, ಆರು ದಿನಕ್ಕೆ 2,00,000, ಹನ್ನೆರಡು ದಿನಕ್ಕೆ 1,00,000. ಹೀಗೆ 10ರ ಕೆಳಗೆ ಬರಲು ಹದಿನಾರು ಸಲ ಅರ್ಧವಾಗಬೇಕು, ಅಂದರೆ ಮೂರು ತಿಂಗಳ ಮೇಲೆ. ಆಪರೇಷನ್ ಆದ ವಾರಕ್ಕೆ ಅಂಕಿ ಇನ್ನೂ ಲಕ್ಷದಲ್ಲಿದೆ ಎಂದು ಗಾಬರಿಯಾಗುವುದಕ್ಕೆ ಅರ್ಥವಿಲ್ಲ. ಮೊದಲ ಕೀಮೋ ಬಿದ್ದ ಕೂಡಲೇ ಒಡೆದ ಕೋಶಗಳಿಂದ ಎಎಫ್‌ಪಿ ಸೋರಿ ಕೆಲ ದಿನ ಏರುವುದೂ ಇದೆ. ಲಿವರಿನ ಅರ್ಧ ಭಾಗ ತೆಗೆದ ಮೇಲೆ ಉಳಿದದ್ದು ಮತ್ತೆ ಬೆಳೆಯುವಾಗಲೂ ಸಣ್ಣ ಏರಿಕೆ ಕಾಣಬಹುದು. ಆದರೆ ಎರಡು ಮೂರು ಸುತ್ತು ಕೀಮೋ ಆದರೂ ಅಂಕಿ ಹತ್ತನೇ ಒಂದು ಭಾಗಕ್ಕೂ ಇಳಿಯದಿದ್ದರೆ ಗಡ್ಡೆ ಔಷಧಕ್ಕೆ ಸೋಲುತ್ತಿಲ್ಲ ಎಂದು ತಿಳಿಯಬೇಕು. ಸಹಜಕ್ಕೆ ಬಂದು ನಿಂತದ್ದು ಒಂದಾದ ಮೇಲೊಂದು ಪರೀಕ್ಷೆಯಲ್ಲಿ ಏರುತ್ತ ಹೋದರೆ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ, ರೋಗ ಮರಳಿದೆಯೇ ಎಂದು ಹುಡುಕಬೇಕು.

ಮುಂಗಾಣ್ಕೆ ಎಎಫ್‌ಪಿಯೊಂದರ ಮೇಲೆ ನಿಂತಿಲ್ಲ. ಲಿವರನ್ನು ನಾಲ್ಕು ಭಾಗವೆಂದು ಎಣಿಸಿ ಎಷ್ಟು ಭಾಗ ಗಡ್ಡೆಯಿಂದ ಮುಕ್ತವಾಗಿದೆ ಎಂದು ನೋಡುವ ಪ್ರಿಟೆಕ್ಸ್ಟ್ ವಿಧಾನ, ದೊಡ್ಡ ರಕ್ತನಾಳಗಳಿಗೆ ತಗುಲಿದೆಯೇ, ಶ್ವಾಸಕೋಶಕ್ಕೆ ಹರಡಿದೆಯೇ, ಗಡ್ಡೆ ಒಡೆದಿದೆಯೇ, ಮಗುವಿಗೆ ಎಂಟು ವರ್ಷ ಮೀರಿದೆಯೇ ಎಂಬುದನ್ನೆಲ್ಲ ಸೇರಿಸಿ ಅಪಾಯದ ಗುಂಪು ನಿರ್ಧಾರವಾಗುತ್ತದೆ. 1970ರ ದಶಕದಲ್ಲಿ ಈ ರೋಗ ಬಂದ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚಾಗಿತ್ತು. ಸಿಸ್‌ಪ್ಲಾಟಿನ್ ಬಂದ ಮೇಲೆ ಚಿತ್ರವೇ ಬದಲಾಯಿತು. 2009ರಲ್ಲಿ ಪ್ರಕಟವಾದ ಯುರೋಪಿನ ಸಿಯೋಪೆಲ್-3 ಅಧ್ಯಯನದಲ್ಲಿ ಸಾಧಾರಣ ಅಪಾಯದ ಮಕ್ಕಳಿಗೆ ಸಿಸ್‌ಪ್ಲಾಟಿನ್ ಒಂದನ್ನೇ ಎರಡು ವಾರಕ್ಕೊಮ್ಮೆ, ಆಪರೇಷನ್ನಿಗೆ ಮುಂಚೆ ನಾಲ್ಕು ಮತ್ತು ನಂತರ ಎರಡು ಸಲ ಕೊಟ್ಟಾಗ, ಮೂರು ವರ್ಷದ ನಂತರ 95 ಪ್ರತಿಶತ ಮಕ್ಕಳು ಬದುಕಿದ್ದರು. ಹೆಚ್ಚು ಅಪಾಯದ ಮಕ್ಕಳಿಗೆ ತೀವ್ರ ಚಿಕಿತ್ಸೆ ಕೊಟ್ಟ ಸಿಯೋಪೆಲ್-4ರಲ್ಲಿ ಆ ಪ್ರಮಾಣ 83. ನಾಲ್ಕೂ ಭಾಗ ಆವರಿಸಿದ ಗಡ್ಡೆಗೆ ಲಿವರ್ ಕಸಿಯ ದಾರಿಯಿದೆ. ಅಪ್ಪನೋ ಅವ್ವನೋ ಕೊಟ್ಟ ಎಡಭಾಗದ ತುಣುಕು ಚಿಕ್ಕ ಮಗುವಿಗೆ ಸಾಕು. ಈ ಅಂಕಿಗಳು ಹೊತ್ತಿಗೆ ಸರಿಯಾಗಿ ಬಂದು, ಚಿಕಿತ್ಸೆಯನ್ನು ಪೂರ್ತಿ ಮುಗಿಸಿದ ಮಕ್ಕಳವು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ತಡವಾಗಿ ಬರುವುದು, ನಡುವೆ ಬಿಟ್ಟುಹೋಗುವುದು ಯಾವ ಪ್ರೋಟೀನಿಗಿಂತಲೂ ದೊಡ್ಡ ಅಪಾಯ ಸೂಚಕಗಳು.

ಎಂಟು ಹತ್ತು ವರ್ಷ ಮೀರಿದ ಮಕ್ಕಳಲ್ಲಿ ಲಿವರಿನ ಕ್ಯಾನ್ಸರು ಕಂಡರೆ ಅದು ದೊಡ್ಡವರ ಬಗೆಯದಾಗಿರಬಹುದು. ಅದರಲ್ಲಿ ಒಂದು ಪಾಲು ಹುಟ್ಟುವಾಗ ತಾಯಿಯಿಂದ ಬಂದ ಹೆಪಟೈಟಿಸ್-ಬಿ ಸೋಂಕಿನದು. 1984ರಲ್ಲಿ ಕೂಸುಗಳಿಗೆ ಲಸಿಕೆ ಹಾಕಲು ಹೊರಟ ತೈವಾನಿನಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಮುಂದೆ ಎದ್ದುಕಾಣುವಷ್ಟು ಇಳಿಯಿತು. ಭಾರತದಲ್ಲಿ ಈ ಲಸಿಕೆ 2011ರಿಂದ ದೇಶವ್ಯಾಪಿ ಕಾರ್ಯಕ್ರಮದಲ್ಲಿದೆ. ಮೊದಲ ಡೋಸು ಹುಟ್ಟಿದ 24 ತಾಸಿನೊಳಗೆ ಬೀಳಬೇಕು. ಹೆಪಟೋಬ್ಲಾಸ್ಟೋಮಕ್ಕೆ ಇಂಥ ತಡೆ ಯಾವುದೂ ಇಲ್ಲ. ಗರ್ಭಿಣಿಯ ಊಟ, ಗ್ರಹಣ, ಶಾಪ ಯಾವುದನ್ನೂ ಹೊಣೆ ಮಾಡುವಂತಿಲ್ಲ.

ಮೊದಲು ಹೇಳಿದ ಮೂರೂ ತಾಲೂಕುಗಳವರು ದೊಡ್ಡ ಕಾಯಿಲೆಗೆ ಹಿಡಿಯುವ ದಾರಿಗಳು ಹಳೆಯವು. ಹುಕ್ಕೇರಿ, ಸಂಕೇಶ್ವರದವರಿಗೆ ಹೆದ್ದಾರಿಯಲ್ಲಿ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಕೊಲ್ಲಾಪುರ. ಘಟಪ್ರಭಾದಲ್ಲಿ ರೈಲು ಹತ್ತಿದವರಿಗೆ ಮಿರಜ. ಬೆಳಗಾವಿಯಲ್ಲಿ ಬಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕೆಎಲ್‌ಇ ಆಸ್ಪತ್ರೆಯಿದೆ. ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮಿರಜದಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ ಕಿದ್ವಾಯಿ, ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ. ಎಲ್ಲಿಗೆ ಹೋದರೂ ಕೇಳಬೇಕಾದದ್ದು ಮಕ್ಕಳ ಕ್ಯಾನ್ಸರ್ ತಜ್ಞರು ಮತ್ತು ಮಕ್ಕಳ ಲಿವರ್ ಆಪರೇಷನ್ ಮಾಡಿ ಅನುಭವವಿರುವ ಸರ್ಜನ್ ಇಬ್ಬರೂ ಇದ್ದಾರೆಯೇ ಎಂದು. ಮೊದಲು ಆಪರೇಷನ್ ಮಾಡಿಸಿಬಿಡೋಣ, ಆಮೇಲೆ ಕೀಮೋ ನೋಡೋಣ ಎಂಬ ಆತುರ ಅನೇಕ ಗಡ್ಡೆಗಳಲ್ಲಿ ಕೆಟ್ಟದ್ದು. ಕೀಮೋದಿಂದ ಕುಗ್ಗಿದ ಗಡ್ಡೆಯನ್ನು ಪೂರ್ತಿ ತೆಗೆಯುವುದು ಸುಲಭ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ವಿಚಾರವನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳುವುದು ಜಾಣತನ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವವರು ಆ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಚಿಕಿತ್ಸೆ ಮುಗಿದ ಮೇಲೆ ಎಎಫ್‌ಪಿಯ ದೊಡ್ಡ ಅನುಕೂಲವೆಂದರೆ ಅದಕ್ಕಾಗಿ ಮಗು ಬೆಂಗಳೂರಿಗೋ ಮುಂಬಯಿಗೋ ಹೋಗಬೇಕಾಗಿಲ್ಲ. ಸಾಮಾನ್ಯವಾಗಿ ಮೊದಲು ತಿಂಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಇರುತ್ತದೆ. ಮರುಕಳಿಸುವ ರೋಗದಲ್ಲಿ ಹೆಚ್ಚಿನದು ಮೊದಲ ಎರಡು ವರ್ಷದಲ್ಲೇ ಮರುಕಳಿಸುವುದರಿಂದ ಆ ಅವಧಿಯಲ್ಲಿ ಒಂದನ್ನೂ ತಪ್ಪಿಸಬಾರದು. ರಕ್ತವನ್ನು ಗೋಕಾಕದಲ್ಲೋ ಮೂಡಲಗಿಯಲ್ಲೋ ಕೊಟ್ಟು ಫಲಿತಾಂಶವನ್ನು ಫೋನಿನಲ್ಲಿ ತಜ್ಞರಿಗೆ ಕಳಿಸಬಹುದು. ಷರತ್ತು ಒಂದೇ, ಪ್ರತಿ ಸಲವೂ ಅದೇ ಲ್ಯಾಬು, ಅದೇ ವಿಧಾನ. ಬೇರೆಬೇರೆ ಯಂತ್ರಗಳ ಅಂಕಿಗಳು ಪರಸ್ಪರ ಹೊಂದುವುದಿಲ್ಲ. ತಾರೀಖು, ಅಂಕಿ, ಲ್ಯಾಬಿನ ಹೆಸರು ಬರೆದಿಟ್ಟ ಒಂದು ವಹಿ ದಪ್ಪನೆಯ ಫೈಲಿಗಿಂತ ಡಾಕ್ಟರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಎಫ್‌ಪಿ ಹೇಳದ ಒಂದು ಸಂಗತಿ ಕಿವಿಯದು. ಸಿಸ್‌ಪ್ಲಾಟಿನ್ ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿಯನ್ನು ಶಾಶ್ವತವಾಗಿ ಕುಂದಿಸಬಲ್ಲದು, ಅದೂ ಮಗು ಮಾತು ಕಲಿಯುವ ವಯಸ್ಸಿನಲ್ಲೇ. 2018ರಲ್ಲಿ ಪ್ರಕಟವಾದ ಸಿಯೋಪೆಲ್-6 ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಮಾತ್ರ ಪಡೆದ ಮಕ್ಕಳಲ್ಲಿ 63 ಪ್ರತಿಶತದವರಿಗೆ ಶ್ರವಣದೋಷ ಬಂದಿತ್ತು. ಸಿಸ್‌ಪ್ಲಾಟಿನ್ ಕೊಟ್ಟ ಆರು ತಾಸಿನ ನಂತರ ಸೋಡಿಯಂ ಥಿಯೋಸಲ್ಫೇಟ್ ಪಡೆದವರಲ್ಲಿ ಅದು 33ಕ್ಕೆ ಇಳಿಯಿತು, ಬದುಕುಳಿಯುವ ಪ್ರಮಾಣ ತಗ್ಗಲಿಲ್ಲ. ಆ ಔಷಧ ಸಿಗಲಿ ಸಿಗದಿರಲಿ, ಕೀಮೋ ನಡೆಯುವಾಗಲೂ ಮುಗಿದ ಮೇಲೆ ಶಾಲೆಗೆ ಸೇರುವವರೆಗೂ ಶ್ರವಣ ಪರೀಕ್ಷೆ ಮಾಡಿಸುತ್ತಿರಬೇಕು. ದೋಷ ಕಂಡರೆ ಶ್ರವಣ ಸಾಧನ ಕೊಡಿಸಬೇಕು, ಶಾಲೆಯಲ್ಲಿ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು ಮಾಸ್ತರರಿಗೆ ಹೇಳಬೇಕು.